ನಾಯಿಯ ಪಾದ ನೋಡುವವರು ಯಾರು?

ಶಿರಸಿಯಿಂದ ಬಂದ ವಿಡಿಯೋದಲ್ಲಿ ಮನೆ ನಾಯಿ ಅಡಕೆ ತೋಟದ ಮಂಗಗಳನ್ನು ಅಟ್ಟುತ್ತಿತ್ತು. ಇಲ್ಲಿ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಅದನ್ನು ನೋಡಿದ ಪಕ್ಕದ ಮನೆಯ ಹುಡುಗಿ ಕೇಳಿದ್ದು ಒಂದೇ ಮಾತು: "ಓಡಿ ಬಂದ ಮೇಲೆ ಅದರ ಪಾದ ಯಾರು ನೋಡ್ತಾರೆ?" ಸ್ಲೆಡ್, ಅಂದರೆ ಹಿಮದ ಮೇಲೆ ಜಾರುವ ಬಂಡಿ, ಎಳೆಯುವ ನಾಯಿಗಳಿರುವ ಮನೆಯ ಮಗು ಅದು. ಅವಳಿಗೆ ಸಹಜವಾದ ಪ್ರಶ್ನೆ, ನಮ್ಮ ಕಡೆ ಉತ್ತರವೇ ಇಲ್ಲ. ಮನಸ್ಸಿಗೆ ಚುಚ್ಚಿತು.

ಎಂಥ ಗಟ್ಟಿ ನಾಯಿಯಾದರೂ ಪಾದ ಕೆಟ್ಟರೆ ಮುಗಿಯಿತು. ಹಸಿ ಹಿಮ ಬೆರಳ ಸಂದಿಯ ಕೂದಲಿಗೆ ಅಂಟಿ ಗಟ್ಟಿ ಉಂಡೆಯಾಗಿ ಚರ್ಮ ಸೀಳುತ್ತದೆ. ಕಡು ಚಳಿಯ ಒರಟು ಹಿಮ ಅಂಗಾಲನ್ನು ಉಜ್ಜಿ ಸವೆಸುತ್ತದೆ. ಅದಕ್ಕೇ ಬಟ್ಟೆಯ ಬೂಟಿ ತೊಡಿಸುವುದು. ವೆಲ್ಕ್ರೋ ಪಟ್ಟಿ ಸಡಿಲಾದರೆ ದಾರಿಯಲ್ಲೇ ಕಳಚಿ ಬೀಳುತ್ತದೆ, ಬಿಗಿಯಾದರೆ ರಕ್ತ ಓಡದೆ ಪಾದ ಬಾಯುತ್ತದೆ. ಆಂಕರೇಜ್‌ನಿಂದ ನೋಮ್‌ವರೆಗಿನ ಸುಮಾರು 1,600 ಕಿ.ಮೀ. ಇಡಿಟರಾಡ್ ಎಂಬ ನಾಯಿಬಂಡಿ ಓಟದಲ್ಲಿ ಪ್ರತಿ ನಾಯಿಗೆ 8 ಬೂಟಿ ಇರಲೇಬೇಕೆಂಬ ನಿಯಮವಿದೆ.

ತಂಗುವಾಗಲೂ ಒಂದು ಕ್ರಮವಿದೆ. ಕೊಕ್ಕೆಯನ್ನು ಹಿಮದೊಳಗೆ ತುಳಿದು ಬಂಡಿ ನಿಲ್ಲಿಸಬೇಕು, ಎಳೆಹಗ್ಗದ ಕೊಂಡಿ ಬಿಚ್ಚಬೇಕು, ಬೂಟಿ ತೆಗೆದು ಹುಲ್ಲು ಹಾಸಬೇಕು. ಆಮೇಲೆ ಹಿಮ ಕರಗಿಸಿ ಅಡುಗೆ. ಓಟದ ದಿನಗಳಲ್ಲಿ ನಾಯಿಯೊಂದಕ್ಕೆ ಸುಮಾರು 10,000 ಕ್ಯಾಲೊರಿ ಬೇಕು. ಬರಿ ನೀರನ್ನು ಅದು ಸಾಕಷ್ಟು ಕುಡಿಯುವುದಿಲ್ಲ, ಮಾಂಸದ ರಸ ಬೆರೆಸಿಯೇ ಕುಡಿಸಬೇಕು, ನಾವು ದನಕ್ಕೆ ಅಕ್ಕಚ್ಚು ಕೊಟ್ಟ ಹಾಗೆ. ಬೆರಳ ಸಂದಿಗೆ ಮುಲಾಮು ಹಚ್ಚಿ ಮುಗಿದ ಮೇಲಷ್ಟೇ ಬಂಡಿ ಓಡಿಸಿದವರ ಊಟ. ದನಕ್ಕೆ ದರಕು ಹಾಸಿ ಬೆಚ್ಚಗೆ ಮಲಗಿಸುವ ನಮಗೆ ಕರುಣೆಯ ಕೊರತೆಯೇನಿಲ್ಲ. ತೋಟ ಕಾಯುವ ನಾಯಿ ಮಾತ್ರ ಆ ಲೆಕ್ಕದೊಳಗೆ ಬರಲೇ ಇಲ್ಲ.

ಕಾಡುಪ್ರಾಣಿಯ ವಿಷಯದಲ್ಲೂ ಇಲ್ಲಿನವರು ತಾಳ್ಮೆಯವರು. ಆಳ ಹಿಮದಲ್ಲಿ ಕಾಲು ಹೂತು ದಣಿದ ಮೂಸ್ ಎಂಬ ಭಾರೀ ಜಿಂಕೆ, ಬಂಡಿ ಓಡಿ ಗಟ್ಟಿಯಾದ ಜಾಡನ್ನೇ ಹಿಡಿಯುತ್ತದೆ, ಬಿಟ್ಟುಕೊಡುವುದಿಲ್ಲ. 1985ರ ಇಡಿಟರಾಡ್‌ನಲ್ಲಿ ಬಂಡಿ ಓಡಿಸುತ್ತಿದ್ದ ಸೂಸನ್ ಬುಚರ್ ಅವರ ನಾಯಿ ತಂಡದ ಮೇಲೆ ಮೂಸ್ ಎರಗಿ ಎರಡು ನಾಯಿಗಳು ಸತ್ತವು. ಮೂಸ್ ಕಿವಿ ಹಿಂದಕ್ಕೆ ಮಡಚಿ, ಭುಜದ ಕೂದಲು ನಿಮಿರಿಸಿದರೆ ದಾಳಿ ಹತ್ತಿರವಿದೆ ಎಂದರ್ಥ. ದೂರದಲ್ಲೇ ನಿಂತು ದಾರಿ ಬಿಡಬೇಕು. ಅಣಶಿ ಘಟ್ಟದಲ್ಲಿ ಕಾಡುಕೋಣಕ್ಕೆ ಹಾರ್ನ್ ಹೊಡೆಯುವವರು ಇದನ್ನು ಕಲಿಯಬೇಕು.

ಊರಿನಲ್ಲಿ ಹಿಮವಿಲ್ಲ, ಆದರೆ ಮಳೆಗಾಲದ ಉಂಬಳ, ಮುಳ್ಳು, ಉಣುಗು ಎಲ್ಲ ಸೇರುವುದು ಅದೇ ಬೆರಳ ಸಂದಿಗೆ. ತೋಟದಿಂದ ಬಂದ ನಾಯಿಯ ಪಾದ ತೊಳೆದು, ಬೆರಳು ಬಿಡಿಸಿ ಒರೆಸಿ. ಉಣುಗು ಕಂಡರೆ ಚಿಮಟದಿಂದ ಚರ್ಮದ ಬುಡದಲ್ಲೇ ಹಿಡಿದು ನೆಟ್ಟಗೆ ಎಳೆಯಿರಿ. ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದಲೇ, ಬರಿಗೈಯಲ್ಲಿ ಹಿಸುಕಬೇಡಿ. ಮೊದಮೊದಲು ನಾಯಿ ಕಾಲು ಎಳೆದುಕೊಳ್ಳುತ್ತದೆ. ಇಲ್ಲಿ ಮರಿಯಿದ್ದಾಗಲೇ ಪಾದ ಹಿಡಿದು ರೂಢಿ ಮಾಡಿಸುತ್ತಾರೆ. ದೊಡ್ಡ ನಾಯಿಯಾದರೆ ಊಟಕ್ಕೆ ಮುಂಚೆ ದಿನಕ್ಕೊಂದು ಕಾಲು ಮುಟ್ಟುತ್ತ ಬನ್ನಿ, ನಿಧಾನಕ್ಕೆ ಒಗ್ಗುತ್ತದೆ.