ಅಮೆರಿಕದ ಕಾಲೇಜಿನಲ್ಲಿ ಮೊದಲ ಬರವಣಿಗೆ ಕೋರ್ಸ್

ಎಂಜಿನಿಯರಿಂಗ್‌ಗೆ ಸೇರಿದರೂ ಅಮೆರಿಕದ ಬಹುತೇಕ ಕಾಲೇಜುಗಳಲ್ಲಿ ಮೊದಲ ವರ್ಷ ಬರವಣಿಗೆಯ ಕೋರ್ಸ್ ತಪ್ಪಿದ್ದಲ್ಲ. ಸಿಲಬಸ್ಸನ್ನು ಕರಾರುಪತ್ರದಂತೆ ಓದಿ: ಹಾಜರಿ, ತಡವಾದರೆ ಕಡಿತವಾಗುವ ಅಂಕ, ಎಐ ಬಳಕೆಯ ನಿಯಮ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಎಂಎಲ್‌ಎ ಶೈಲಿ (ಪ್ರಬಂಧದ ವಿನ್ಯಾಸ ಮತ್ತು ಆಕರ ಉಲ್ಲೇಖದ ಒಂದು ಪದ್ಧತಿ) ಕೇಳಿದ್ದರೆ ನಾಲ್ಕೂ ಬದಿ 1 ಇಂಚು ಅಂಚು, ಡಬಲ್ ಸ್ಪೇಸ್. ಇದೇನು ಮಹಾ ಅಲ್ಲ.

ನಮ್ಮ ಹುಡುಗರು ಎಡವುವುದು ಥೀಸಿಸ್ ವಾಕ್ಯದಲ್ಲಿ, ಅಂದರೆ ಪ್ರಬಂಧದ ಮುಖ್ಯ ವಾದವನ್ನು ಹೇಳುವ ವಾಕ್ಯದಲ್ಲಿ. ‘ಮೊಬೈಲ್‌ನಿಂದ ಲಾಭವೂ ಇದೆ, ನಷ್ಟವೂ ಇದೆ’ ಎಂಬ ಪಿಯುಸಿ ಪ್ರಬಂಧದ ಧಾಟಿ ಅಲ್ಲಿ ನಡೆಯದು. ಯಾರಾದರೂ ಅಲ್ಲಗಳೆಯಬಹುದಾದ ನಿಲುವು ಬೇಕು: ‘ತರಗತಿಯಲ್ಲಿ ಮೊಬೈಲ್ ನಿಷೇಧಿಸಿದರೆ ಹೆಚ್ಚು ಪೆಟ್ಟು ಬೀಳುವುದು ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ’. ಪ್ರತಿ ಪ್ಯಾರಾವೂ ಅದಕ್ಕೆ ಪುರಾವೆ ಒದಗಿಸಬೇಕು, ಪುರಾವೆ ಹೇಗೆ ಹೊಂದುತ್ತದೆಂದು ವಿವರಿಸಬೇಕು. ಉಲ್ಲೇಖವನ್ನು ಅಂಟಿಸಿ ಮುಂದೆ ಹೋದರೆ ಅಂಕ ಹೋಯಿತು.

ಪದ ಬದಲಿಸಿ ಬರೆದರೂ ಆಕರ ಹೇಳದಿದ್ದರೆ ಅದು ಕೃತಿಚೌರ್ಯವೇ. ‘ಗೊತ್ತಿರಲಿಲ್ಲ’ ಎಂಬ ನೆಪ ನಡೆಯುವುದು ಕಷ್ಟ.