ಲೋ ವೂ ದಾಟಿ ಬರುವ ಮಕ್ಕಳು

ನಾವಿರುವುದು ಹಾಂಗ್‌ಕಾಂಗ್‌ನ ಉತ್ತರದ ತುದಿಯಲ್ಲಿ, ಶೆಂಗ್ ಶುಯಿಯಲ್ಲಿ. ಇಲ್ಲಿಂದ ಒಂದೇ ಸ್ಟೇಷನ್ ಮುಂದೆ ಹೋದರೆ ಲೋ ವೂ, ಅದರಾಚೆ ಚೀನಾದ ಶೆನ್‌ಜೆನ್. ಬೆಳಿಗ್ಗೆ ಆ ಕಡೆಯಿಂದ ಬರುವ ರೈಲಿನಲ್ಲಿ ಯೂನಿಫಾರ್ಮ್ ಹಾಕಿದ ಮಕ್ಕಳು. ಕುತ್ತಿಗೆಯಲ್ಲಿ ಕಾರ್ಡು, ಕಣ್ಣಲ್ಲಿ ಇನ್ನೂ ನಿದ್ದೆ. ದಿನಾ ಗಡಿ ದಾಟಿ ಶಾಲೆಗೆ ಬರುತ್ತಾರೆ.

'ಎರಡೂ ಚೀನಾನೇ ಅಲ್ವಾ, ಮತ್ತೆ ಗಡಿ ಯಾಕೆ?' ಅಂತ ಅಮ್ಮ ಫೋನಿನಲ್ಲಿ ಕೇಳಿದ್ದರು. ದೇಶ ಒಂದೇ, ಕಾನೂನು ಬೇರೆ.

2001ರಲ್ಲಿ ಇಲ್ಲಿನ ಅತ್ಯುನ್ನತ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಚೀನೀ ಪ್ರಜೆಗಳ ಮಗು ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದರೆ ಸಾಕು, ಅದಕ್ಕೆ ಇಲ್ಲಿ ನೆಲೆಸುವ ಹಕ್ಕಿದೆ ಎಂದು. ಅಪ್ಪ-ಅಮ್ಮ ಇಬ್ಬರೂ ಇಲ್ಲಿಯವರಲ್ಲದ ಇಂಥ ಮಕ್ಕಳು ಆ ವರ್ಷ ಹುಟ್ಟಿದ್ದು ಬರೀ 620. 2011ರಲ್ಲಿ 35 ಸಾವಿರ ದಾಟಿತು. ಮಗುವಿಗೆ ಹಕ್ಕು ಸಿಕ್ಕಿತು, ಹೆತ್ತವರಿಗೆ ಸಿಗಲಿಲ್ಲ. ಹಾಗಾಗಿ ಮನೆ ಆ ಕಡೆ, ಶಾಲೆ ಈ ಕಡೆ. ಆಗ ಆ ಕಡೆಯ ಸರ್ಕಾರಿ ಶಾಲೆಗೆ ಸೇರಿಸೋಣ ಎಂದರೆ ಮಗುವಿನ ಹೆಸರು ಅಲ್ಲಿನ ಮನೆ ನೋಂದಣಿಯಲ್ಲಿ, ಅಂದರೆ ಸರ್ಕಾರದ ನಿವಾಸಿಗಳ ಪಟ್ಟಿಯಲ್ಲಿ, ಇರಲಿಲ್ಲ.

ಇಲ್ಲಿಯವರಿಗೆ ಸಿಟ್ಟು ಬಂತು. ಹೆರಿಗೆ ವಾರ್ಡಿನಲ್ಲಿ ಜಾಗವಿಲ್ಲ, ಶಾಲೆಯಲ್ಲಿ ಸೀಟಿಲ್ಲ, ಅಂಗಡಿಯಲ್ಲಿ ಹಾಲಿನ ಪುಡಿ ಇಲ್ಲ. 2012ರಲ್ಲಿ ಆ ಕಡೆಯವರನ್ನು ಮಿಡತೆ ಎಂದು ಕರೆದು ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತೇ ಬಂತು. ಸೀಟಿನ ಸಿಟ್ಟು ನನಗೂ ಅರ್ಥವಾಗುತ್ತದೆ, ನಾನೂ ಮಗಳ ಸೀಟಿಗೆ ಅಲೆದವಳೇ. ಆದರೆ ಮಿಡತೆ? 2013ರಿಂದ ಸರ್ಕಾರ ಅಂಥ ತಾಯಂದಿರ ಹೆರಿಗೆ ಬುಕಿಂಗ್ ನಿಲ್ಲಿಸಿತು. ಅಷ್ಟರಲ್ಲಿ ಹುಟ್ಟಿದ್ದವರು ಮಾತ್ರ ಬೆಳೆಯುತ್ತಲೇ ಇದ್ದರು, ಅವರಿಗೇನು ಗೊತ್ತು.

2019ರಲ್ಲಿ ಇಲ್ಲಿ ಸರ್ಕಾರದ ವಿರುದ್ಧ ಪ್ರತಿಭಟನೆ ಶುರುವಾಯಿತು. ರೈಲು ನಿಂತ ದಿನ ಗಡಿಯಾಚೆಯ ಮಕ್ಕಳ ಬೆಂಚು ಖಾಲಿ. 2020ರ ಆರಂಭದಲ್ಲಿ ಕೊರೊನಾ ಬಂದು ಗಡಿಯೇ ಮುಚ್ಚಿತು. ಮೂರು ವರ್ಷ ಪಾಠವೆಲ್ಲ ಪರದೆಯ ಮೇಲೆ.

ನನ್ನ ಮಗಳ ಪಕ್ಕ ಕೂರುತ್ತಿದ್ದ ಹುಡುಗಿ ವಾಪಸ್ ಬಂದದ್ದು 2023ರಲ್ಲಿ. ಮೊದಲು ಇಬ್ಬರೂ ಇಲ್ಲಿನ ಆಡುಮಾತಾದ ಕ್ಯಾಂಟೊನೀಸ್‌ನಲ್ಲಿ ಹರಟುತ್ತಿದ್ದರು. ಈಗ ಮಗಳು ಕ್ಯಾಂಟೊನೀಸ್‌ನಲ್ಲಿ ಕೇಳಿದರೆ ಅವಳು ತಡವರಿಸಿ ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್‌ಗೆ ಜಾರುತ್ತಿದ್ದಳಂತೆ. ಸಂಜೆ ಬಸ್ಸಿಗೆ ಬೇಗ ಹೊರಡಬೇಕಲ್ಲ, ಆಟಕ್ಕೂ ಸಿಗುತ್ತಿರಲಿಲ್ಲ. 'ಅವಳು ನನ್ನ ಹೆಸರು ಮಾತ್ರ ಮೊದಲಿನ ಹಾಗೇ ಕರೀತಾಳೆ' ಎಂದಳು ಮಗಳು.