ಪ್ರಯೋಗಾಲಯದ ಸಂಜೆಪಾಳಿ ಮತ್ತು ನನ್ನ ಕಾಲುಗಳು

ಹನ್ನೊಂದು ವರ್ಷಗಳಿಂದ ನಾನು ರಕ್ತಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞೆಯಾಗಿದ್ದೇನೆ. ಸಂಜೆಪಾಳಿಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ನೂರು ಬಿಳಿ ರಕ್ತಕಣಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವಾಗ, ಅದರಲ್ಲೂ ರಾತ್ರಿ ಎಂಟರ ನಂತರ, ಮೀನಖಂಡದ ಒಳಗೆ ಏನೋ ಹರಿದಾಡಿದಂತಾಗುತ್ತಿತ್ತು. ಅದು ನೋವಲ್ಲ, ಕಾಲು ಮಡಚಿ ಕುಳಿತಾಗ ಹಿಡಿಯುವ ಜೋಮೂ ಅಲ್ಲ. ಮೂಳೆಯ ಹತ್ತಿರ ಎಲ್ಲೋ ಇರುವೆಯ ಸಾಲು ಹೊರಟಂತೆ, ಕಾಲನ್ನು ಅಲುಗಿಸದೆ ಇರಲಾಗದಂಥ ತಳಮಳ. ಎದ್ದು ನಾಲ್ಕು ಹೆಜ್ಜೆ ನಡೆದರೆ ಅಡಗುತ್ತಿತ್ತು, ಕುಳಿತ ಎರಡೇ ನಿಮಿಷಕ್ಕೆ ಮರಳುತ್ತಿತ್ತು. ಎಣಿಕೆ ತಪ್ಪಿ ಒಂದೇ ಸ್ಲೈಡನ್ನು ಮೂರು ಸಲ ನೋಡಿದ ದಿನಗಳಿವೆ. ಕುಳಿತಲ್ಲಿ ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಎಂದು ಬೈಸಿಕೊಂಡು ಬೆಳೆದವಳಾದ್ದರಿಂದ, ಇದನ್ನು ನನ್ನದೇ ಕೆಟ್ಟ ಅಭ್ಯಾಸವೆಂದು ಬಗೆದು ಎರಡು ವರ್ಷ ಯಾರಿಗೂ ಹೇಳಲಿಲ್ಲ.

ಸಕ್ಕರೆ, ಬಿ12, ಕ್ಯಾಲ್ಸಿಯಂ ಎಲ್ಲವನ್ನೂ ನಾನೇ ಪರೀಕ್ಷಿಸಿಕೊಂಡಿದ್ದೆ. ಹಿಮೋಗ್ಲೋಬಿನ್ 12.4 ಇತ್ತು. ಎಲ್ಲವೂ ನಾರ್ಮಲ್ ಎಂದು ಸುಮ್ಮನಾದೆ.

ಒಮ್ಮೆ ನೆಗಡಿಗೆಂದು ನಿದ್ದೆ ಬರಿಸುವ ಮಾತ್ರೆ ನುಂಗಿದ ರಾತ್ರಿ ಕಾಲುಗಳು ನನ್ನನ್ನು ಬೆಳಗಿನವರೆಗೂ ಮನೆಯೊಳಗೆ ನಡೆಸಿದವು. ಆಮೇಲೆ ನರರೋಗ ತಜ್ಞರನ್ನು ಕಂಡೆ. ಕಾಲು ಅಲುಗಿಸಲೇಬೇಕೆನಿಸುವುದೇ, ವಿಶ್ರಾಂತಿಯಲ್ಲಿ ಹೆಚ್ಚುವುದೇ, ನಡೆದರೆ ತಗ್ಗುವುದೇ, ಸಂಜೆಯಾದಂತೆ ಕೆರಳುವುದೇ ಎಂದು ಕೇಳಿದ ಅವರು, ಇದು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎಂದರು. 17ನೆಯ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇದನ್ನು ವಿವರಿಸಿದ್ದರೆಂದೂ, 1945ರಲ್ಲಿ ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್ ಈ ಹೆಸರು ಕೊಟ್ಟರೆಂದೂ ತಿಳಿದಾಗ ನನಗಾದ ಸಮಾಧಾನ ಸಣ್ಣದಲ್ಲ. ನೆಗಡಿಗೆ ಕೊಡುವ ಕೆಲವು ಹಳೆಯ ಮಾತ್ರೆಗಳು, ವಾಂತಿ ನಿಲ್ಲಿಸುವ ಕೆಲವು ಔಷಧಗಳು ಇದನ್ನು ಕೆರಳಿಸುತ್ತವೆ ಎಂದೂ ಅವರೇ ಹೇಳಿದರು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳಿದಾಗ, ಅಮ್ಮ ಹಳೆಯ ಸೀರೆಯ ತುಂಡನ್ನು ಮೀನಖಂಡಕ್ಕೆ ಬಿಗಿದು ಮಲಗುತ್ತಿದ್ದುದು ನೆನಪಾಯಿತು; ನಾವು ಅದನ್ನು ದುಡಿಮೆಯ ಆಯಾಸವೆಂದೇ ತಿಳಿದಿದ್ದೆವು.

ಅವರು ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಪ್ರಮಾಣವನ್ನು ಸೂಚಿಸುವ ಫೆರಿಟಿನ್ ಪರೀಕ್ಷೆ ಬರೆದರು. ಬಂದದ್ದು 22. ನಮ್ಮ ವರದಿಯಲ್ಲಿ ಮಹಿಳೆಯರಿಗೆ ಮುದ್ರಿತವಾಗುವ ಮಿತಿ 13ರಿಂದ 150. ಹಾಗಾಗಿ ಆ ಅಂಕಿಯ ಪಕ್ಕದಲ್ಲಿ ಎಚ್ಚರಿಕೆಯ ಗುರುತೇ ಇರಲಿಲ್ಲ. ಆದರೆ ಈ ತೊಂದರೆ ಇರುವವರಲ್ಲಿ 75ಕ್ಕಿಂತ ಕಡಿಮೆಯಿದ್ದರೂ ವೈದ್ಯರು ಕಬ್ಬಿಣ ಕೊಡುವುದನ್ನು ಯೋಚಿಸುತ್ತಾರೆ, ಏಕೆಂದರೆ ರಕ್ತದಲ್ಲಿ ಸಾಕಷ್ಟಿದ್ದರೂ ಮೆದುಳಿನಲ್ಲಿ ಕಬ್ಬಿಣ ಕೊರತೆಯಾಗಿರಬಹುದು. ಇಂಥ ನೂರಾರು ವರದಿಗಳನ್ನು ನಾನೇ ಮುದ್ರಿಸಿದ್ದೇನೆ. ಕಿಟಕಿಯ ಬಳಿ ಆತಂಕದಿಂದ ನಿಂತವರಿಗೆ "ಎಲ್ಲ ನಾರ್ಮಲ್ ಇದೆ, ಹೋಗಿ" ಎಂದು ಪ್ರೀತಿಯಿಂದಲೇ ಹೇಳಿ ಕಳಿಸಿದ್ದೇನೆ. ಅವರಲ್ಲಿ ಎಷ್ಟು ಜನ ಆ ಮಾತು ನಂಬಿ ವೈದ್ಯರ ಬಳಿಗೇ ಹೋಗಲಿಲ್ಲವೋ ಎಂಬ ಯೋಚನೆ ನನ್ನನ್ನು ಈಗಲೂ ಕಾಡುತ್ತದೆ.

ಅಂದಿನಿಂದ ಆ ಮಾತನ್ನು ಬಿಟ್ಟಿದ್ದೇನೆ. ಕಾಲಿನ ತಳಮಳ ಹೇಳಿಕೊಂಡವರ ಲಕ್ಷಣವನ್ನು ಅರ್ಜಿಯಲ್ಲಿ ಬರೆಯುತ್ತೇನೆ, ವರದಿಯನ್ನು ವೈದ್ಯರಿಗೆ ತೋರಿಸಲೇಬೇಕೆಂದು ಒತ್ತಿ ಹೇಳುತ್ತೇನೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಏರಿ ಕೊರತೆಯನ್ನು ಮರೆಮಾಚುವುದರಿಂದ ಅದನ್ನೂ ಕೇಳಿ ಗುರುತು ಹಾಕುತ್ತೇನೆ. ತಾವಾಗಿಯೇ ಕಬ್ಬಿಣದ ಮಾತ್ರೆ ಶುರುಮಾಡಬೇಡಿ ಎಂದೂ ಹೇಳುತ್ತೇನೆ, ಏಕೆಂದರೆ ಕೆಲವರ ದೇಹದಲ್ಲಿ ಅದು ಈಗಾಗಲೇ ಹೆಚ್ಚಿರುತ್ತದೆ.

ನನಗೆ ದಿನ ಬಿಟ್ಟು ದಿನ ಕಬ್ಬಿಣದ ಮಾತ್ರೆ ಬರೆದರು. ಅದನ್ನು ನಿಂಬೆಯ ಪಾನಕದ ಜೊತೆ ತೆಗೆದುಕೊಂಡು, ಊಟದ ಬೆನ್ನಿಗೆ ಕುಡಿಯುತ್ತಿದ್ದ ಕಾಫಿಯನ್ನು ಬೆಳಿಗ್ಗೆಗೆ ಸೀಮಿತಗೊಳಿಸಿದೆ. ಎಂಟು ತಿಂಗಳಿಗೆ ಫೆರಿಟಿನ್ 81 ಆಯಿತು. ತಳಮಳ ಪೂರ್ತಿ ಹೋಗಿಲ್ಲ, ವಾರಕ್ಕೊಂದೆರಡು ರಾತ್ರಿ ಬರುತ್ತದೆ. ಮೇಲ್ವಿಚಾರಕರಿಗೆ ವಿಷಯ ತಿಳಿಸಿದ ಮೇಲೆ ಎಂಟರ ನಂತರದ ಸ್ಲೈಡುಗಳನ್ನು ಎತ್ತರದ ಮೇಜಿನ ಮೇಲಿಟ್ಟು ನಿಂತುಕೊಂಡೇ ನೋಡುತ್ತೇನೆ.